ಬೆಂಚಿನ ಮೇಲೆ ಕೂತಿರುವ ಬೋರ್ಡಿಗೆ ಅನುಮತಿ ಕೊಟ್ಟವರಾರು?

ನಗರದ ಉದ್ಯಾನಗಳನ್ನೂ ಹಳೆಯ ಸ್ಮಾರಕಗಳನ್ನೂ ನಮ್ಮಂಥವರಿಂದ ಕಾಪಾಡುತ್ತಿರುವ ಮಾನ್ಯ ಅಧಿಕಾರಿಗಳೇ,

ಕೋಟೆಯ ತೋಟದಲ್ಲಿ ಯಾರೂ ಕೂರುವ ಹಾಗಿಲ್ಲ ಎಂದು ತಾವು ಹೊರಡಿಸಿರುವ ಆದೇಶದಿಂದ ನನ್ನ ಮನೆಯ ನೆಮ್ಮದಿ ಹಾಳಾಗಿದೆ. ನನ್ನ ದೂರು ಇಷ್ಟೇ. ಉಳಿದದ್ದು ವಿವರಣೆ, ಪುರುಸೊತ್ತಿದ್ದರೆ ಓದಿ. ಪುರುಸೊತ್ತು ಇದ್ದೇ ಇರುತ್ತದೆ. ತಮಗೆ ಕೂರಲು ಕುರ್ಚಿಯಿದೆಯಲ್ಲ.

ಕೋಟೆಯ ಮೆಟ್ಟಿಲು ಪ್ರಾಚೀನವಾದ್ದರಿಂದ ಅದರ ಮೇಲೆ ಕೂರಬಾರದು. ಹುಲ್ಲು ಹೊಸದಾದ್ದರಿಂದ ಅದರ ಮೇಲೂ ಕೂರಬಾರದು. ಕೊಳದ ಕಟ್ಟೆ ತೀರ ಹಳೆಯದೂ ಅಲ್ಲ, ಹೊಸದೂ ಅಲ್ಲ, ಆದರೆ ಕೂತವರು ಜಾರಿ ಬಿದ್ದಾರು ಎಂಬ ಕಾಳಜಿ. ಬುರುಜಿನ ಎದುರು, ಮರದಡಿಯ ಕಲ್ಲುಬೆಂಚು ಕೂರಲೆಂದೇ ಹುಟ್ಟಿದ್ದು. ಅದರ ನಟ್ಟನಡುವೆ ‘ಇಲ್ಲಿ ಕೂರಬೇಡಿ’ ಎಂಬ ಬೋರ್ಡನ್ನು ಕೂರಿಸಿದ್ದೀರಿ. ಇಡೀ ತೋಟದಲ್ಲಿ ಆರಾಮಾಗಿ ಕೂತಿರುವುದು ಅದೊಂದೇ. ಅದಕ್ಕೆ ಅನುಮತಿ ಕೊಟ್ಟವರು ಯಾರು ಸ್ವಾಮಿ? ನಾವು ಮೊಣಕಾಲು ಬಗ್ಗಿಸಿದರೆ ಸಾಕು, ತಮ್ಮ ಕಾವಲುಗಾರ ಸೀಟಿ ಊದುತ್ತಾನೆ. ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಳ್ಳಲು ಬಗ್ಗಿದ ನನಗೂ ಊದಿದ. ಶತ್ರುಸೈನ್ಯ ಬಂದ ಕಾಲದಲ್ಲಿ ಇಷ್ಟು ಎಚ್ಚರದ ಕಾವಲಿದ್ದಿದ್ದರೆ ಕೋಟೆಯ ಅರ್ಧ ಗೋಡೆ ಬೀಳುತ್ತಲೇ ಇರಲಿಲ್ಲ.

ಜನ ಕೂರುವುದರಿಂದ ಇತಿಹಾಸಕ್ಕೆ ಧಕ್ಕೆಯಾಗುತ್ತದೆ ಎಂದು ತಮ್ಮ ಪ್ರಕಟಣೆ ಹೇಳುತ್ತದೆ. ಹಾಗಾದರೆ ಇತಿಹಾಸದಲ್ಲಿ ಯಾರೂ ಕೂರಲೇ ಇಲ್ಲವೇ? ಆ ಕೋಟೆ ಕಟ್ಟಿಸಿದ ರಾಜರು ನಿಂತುಕೊಂಡೇ ರಾಜ್ಯವಾಳಿದರೇ?

ಇನ್ನು ನನ್ನ ಮನೆಯ ವಿಷಯ. ನಾನು ಹೊಲಿಗೆಯವಳು. ನಮ್ಮದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ನನ್ನ ಮಿಷಿನ್ನು, ಬಟ್ಟೆಯ ಗಂಟುಗಳು, ಅಳತೆ ಕೊಡಲು ಬಂದ ಗಿರಾಕಿಗಳು. ಹಿಂದಿನ ಕೋಣೆಯಲ್ಲಿ ಅಡುಗೆ, ಮಕ್ಕಳ ಓದು, ಅತ್ತೆ, ಮಾವ. ನಡುವೆ ಬಾಗಿಲಿಲ್ಲ, ಪರದೆಯಿದೆ. ಪಕ್ಕದ ಮನೆಯಾಕೆ ಸೀನಿದರೆ ನಮ್ಮ ಮಕ್ಕಳು ಬೆಚ್ಚುತ್ತಾರೆ. ಮಾವ ಮುದ್ರಣಾಲಯದ ಯಂತ್ರಗಳ ನಡುವೆ ದುಡಿದು ಕಿವಿ ಕಳೆದುಕೊಂಡವರು. ಕಿವಿಗೆ ಹಾಕುವ ಮಿಷಿನ್ನು ತಂದುಕೊಟ್ಟಿದ್ದೇವೆ, ಡಬ್ಬಿಯಲ್ಲೇ ಇದೆ. ಹಾಕಿಕೊಂಡರೆ ಎಲ್ಲಾ ಕೇಳಿಸುತ್ತದೆ ಎಂಬುದೇ ಅವರ ತಕರಾರು.

ಇಂಥ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡುವುದೆಲ್ಲಿ? ಅದಕ್ಕೆ ನನ್ನ ಅತ್ತೆ ಮದುವೆಯಾದ ಹೊಸತರಲ್ಲೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಮಾವ ಹಾಲು ಉಕ್ಕಿಸಲಿ, ಒದ್ದೆ ಟವಲನ್ನು ಹಾಸಿಗೆಯ ಮೇಲೆ ಬಿಸಾಡಲಿ, ವಾರವಿಡೀ ತುಟಿಪಿಟಕ್ಕೆನ್ನುತ್ತಿರಲಿಲ್ಲ. ‘ಭಾನುವಾರ ಬರಲಿ’ ಎನ್ನುತ್ತಿದ್ದರು, ಅಷ್ಟೆ. ಭಾನುವಾರ ಸಂಜೆ ಇಬ್ಬರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಕೋಟೆಗೆ ಹೋಗಿ, ಆ ಬೆಂಚಿನ ಮೇಲೆ ಕೂತು, ವಾರದ ಬಾಕಿಯನ್ನೆಲ್ಲ ಗಟ್ಟಿ ದನಿಯಲ್ಲಿ ಆಡಿ ಮುಗಿಸಿ, ಕೈಕೈ ಹಿಡಿದುಕೊಂಡು ಮರಳುತ್ತಿದ್ದರು. ಎಷ್ಟು ಅನ್ಯೋನ್ಯವಪ್ಪಾ ಎಂದು ಪಕ್ಕದ ಮನೆಯಾಕೆ ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ಆ ಅನ್ಯೋನ್ಯದ ಗುಟ್ಟು ತಮ್ಮ ಇಲಾಖೆಯ ಬೆಂಚು ಎಂದು ನಾನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಆದೇಶ ಬಂದ ಮೇಲೆ ಇಬ್ಬರೂ ನಿಂತುಕೊಂಡು ಜಗಳವಾಡಿ ನೋಡಿದರು. ಅತ್ತೆಗೆ ಉಸಿರು ಸಾಲಲಿಲ್ಲ. ಒಮ್ಮೆ ಮನೆಯಲ್ಲೇ ಟವಲಿನ ವಿಷಯ ಎತ್ತಿದರು. ಅಳತೆ ಕೊಡುತ್ತಿದ್ದ ಗಿರಾಕಿ ಪರದೆಯ ಈಚೆಯಿಂದ ತೀರ್ಪು ಕೊಟ್ಟಳು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಮಾವನ ಪರ ವಹಿಸಿದಳು. ಅವತ್ತಿನಿಂದ ಅತ್ತೆ ಬಾಯಿಗೆ ಬೀಗ ಹಾಕಿಕೊಂಡರು.

ನಾನೂ ಸುಮ್ಮನೆ ಕೂರಲಿಲ್ಲ, ಕೂರಲು ಜಾಗವಿದ್ದರಲ್ಲವೇ? ಇಬ್ಬರನ್ನೂ ಕರೆದುಕೊಂಡು ತಮ್ಮ ಸಾಮ್ರಾಜ್ಯವನ್ನೆಲ್ಲ ಸುತ್ತಿದೆ. ಕೆರೆಯ ಉದ್ಯಾನದಲ್ಲಿ ಬೆಂಚುಗಳಿಗೆ ಬಣ್ಣ ಬಳಿದಿದ್ದೀರಿ, ಅದು ಕಳೆದ ಬೇಸಿಗೆಯಿಂದ ಒಣಗುತ್ತಲೇ ಇದೆ. ಊರಾಚೆಯ ಅರಮನೆಯಲ್ಲಿ ‘ಮುಂದೆ ನಡೀರಿ’ ಎಂದು ಎಷ್ಟು ಅವಸರ ಮಾಡುತ್ತಾರೆಂದರೆ, ರಾಣಿಯ ಕೋಣೆ ನೋಡಿದೆವೋ ಕುದುರೆ ಲಾಯ ನೋಡಿದೆವೋ ನಮಗಿನ್ನೂ ಗೊತ್ತಾಗಿಲ್ಲ.

ಅರಮನೆ ನೋಡಿ ಬಂದ ಮರುದಿನ ನನ್ನ ಪಕ್ಕದಲ್ಲಿ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದ ಅತ್ತೆ, ತಲೆ ಎತ್ತದೆ ಒಂದು ಮಾತು ಹೇಳಿದರು. ಹೃದಯದ ಕವಾಟ ಕೆಟ್ಟಿದೆಯಂತೆ, ಬೇಗ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿ ಆಗಲೇ ಕೆಲವು ವಾರಗಳಾಗಿತ್ತಂತೆ. ಮಾವನಿಗೆ ಹೇಳಿರಲಿಲ್ಲ; ಅವರಿಗೆ ಹೇಳದೆ ದಿನ ಗೊತ್ತು ಮಾಡಲೂ ತಯಾರಿರಲಿಲ್ಲ. ನಾನು ಹೇಳಲಾ ಎಂದರೆ ಬೇಡವೆಂದರು. ಬರೆದು ತೋರಿಸಿ ಎಂದರೆ, ಗಂಡನಿಗೆ ಚೀಟಿ ಕೊಡಲು ಇದೇನು ಆಫೀಸೇ ಎಂದರು.

“ಅವರಿಗೆ ಕೇಳಿಸಬೇಕಂದ್ರೆ ಕಿರುಚಬೇಕು ಕಣಮ್ಮ. ಪಕ್ಕದ ಮನೆಗೆಲ್ಲ ಕೇಳೋ ಹಾಗೆ ಕಿರುಚಿ ಹೇಳೋ ಮಾತಾ ಇದು?”

ಆ ವಾರ ಒಬ್ಬಳೇ ಮತ್ತೆ ಕೋಟೆಗೆ ಹೋದೆ. ನೋಡುತ್ತೇನೆ, ಬೆಂಚಿನ ಮೇಲೆ ಒಂದು ಯುವಜೋಡಿ ಒಬ್ಬರಿಗೊಬ್ಬರು ಒರಗಿ ಕೂತಿದೆ! ಬೋರ್ಡನ್ನು ಕಾವಲುಗಾರನೇ ಎತ್ತಿ ಪಕ್ಕಕ್ಕಿಟ್ಟಿದ್ದಾನೆ. ವಿಚಾರಿಸಿದರೆ, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವವರಿಗೆ ತಮ್ಮ ಕಚೇರಿ ಅನುಮತಿ ಕೊಡುತ್ತದಂತೆ. ಮದುವೆಯಾಗುವವರು ಕೂತರೆ ಇತಿಹಾಸಕ್ಕೆ ಏನೂ ಆಗುವುದಿಲ್ಲ. ಮದುವೆಯಾಗಿ ಸವೆದವರು ಕೂತರೆ ಮಾತ್ರ ಧಕ್ಕೆ!

ಮರುದಿನವೇ ಅತ್ತೆ ಮಾವನನ್ನು ತಮ್ಮ ಕಚೇರಿಯಲ್ಲಿ ನಿಲ್ಲಿಸಿದೆ. ಗುಮಾಸ್ತರು ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ಮದುವೆ ಯಾವಾಗ ಎಂದು ಕೇಳಿದರು.

“ಇನ್ನೂ ಯೋಚನೆ ಮಾಡ್ತಿದ್ದೀವಿ,” ಎಂದರು ಅತ್ತೆ.

ಮೊಹರು ಬಿತ್ತು. ಭಾನುವಾರ ನನ್ನ ಅಣ್ಣ ಕ್ಯಾಮೆರಾ ಹಿಡಿದು ಬಂದ. ಕಾವಲುಗಾರ ಬೋರ್ಡನ್ನು ಮಗುವಿನಂತೆ ಅವುಚಿಕೊಂಡು ನಿಂತ. ಇಬ್ಬರೂ ಕೂತರು. ಮೊದಲು ಟವಲು, ಆಮೇಲೆ ಹಾಲು. ಅತ್ತೆ ಬೆರಳು ತೋರಿಸಿ ಬೈಯುತ್ತಿದ್ದರೆ ಮಾವ ಕಣ್ತುಂಬ ನಗುತ್ತಿದ್ದರು. ಫೋಟೋಗಳು ಬಹಳ ಚೆನ್ನಾಗಿ ಬಂದಿವೆ. ಆಮೇಲೆ ಅತ್ತೆ ಅವರ ತೋಳಿನ ಮೇಲೆ ಕೈಯಿಟ್ಟು, ಅದೇ ಗಟ್ಟಿ ದನಿಯಲ್ಲಿ, ಡಾಕ್ಟರು ಹೇಳಿದ್ದನ್ನು ಹೇಳಿದರು. ಕಾವಲುಗಾರನ ಬಾಯಿಂದ ಸೀಟಿ ಜಾರಿತು. ಅಣ್ಣ ಕ್ಯಾಮೆರಾ ಇಳಿಸಿದ. ಮಾವ ತಮ್ಮ ತೋಳಿನ ಮೇಲಿದ್ದ ಆ ಕೈಯನ್ನು ಹಿಡಿದುಕೊಂಡರು.

“ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಕೂರೋಕೆ ಜಾಗ ಎಲ್ಲಿತ್ತು?”

ಮಾನ್ಯರೇ, ನನಗೆ ಅಳು ಬಂತು. ಜೊತೆಗೇ ತಮ್ಮ ಮೇಲೆ ಎಂಥ ಸಿಟ್ಟು ಬಂತೆಂದರೆ, ಅದನ್ನು ಈ ಪತ್ರದಲ್ಲಿ ಪೂರ್ತಿ ಬರೆದರೆ ಯಾವ ಪತ್ರಿಕೆಯೂ ಅಚ್ಚು ಹಾಕಲಾರದು. ಒಂದು ಬೋರ್ಡಿಗೆ ಸಿಕ್ಕ ಜಾಗ ಆ ಹೆಂಗಸಿನ ಎದೆನೋವಿಗೆ ಸಿಗಲಿಲ್ಲ.

ಆಪರೇಷನ್ ಆಗಿದೆ, ಅತ್ತೆ ಚೇತರಿಸಿಕೊಂಡಿದ್ದಾರೆ. ದಿನಾ ಸ್ವಲ್ಪ ನಡೆಯಬೇಕು, ಸುಸ್ತಾದ ಕೂಡಲೇ ಕೂರಬೇಕು, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದಾರೆ. ಇಟ್ಟುಕೊಂಡದ್ದು ಬೇಕಾದಷ್ಟಿದೆ, ಅತ್ತೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಾವ ಮನೆಯಲ್ಲಿ ಮಾಡಿದ ಎಡವಟ್ಟುಗಳೆಲ್ಲ ಬಾಕಿ ಇವೆ. ಆದರೆ ನಮ್ಮ ಎರಡನೆಯ ಅರ್ಜಿಯನ್ನು, ಒಂದು ಜೋಡಿಗೆ ಒಂದೇ ಸಲ ಅನುಮತಿ ಎಂಬ ಷರಾ ಬರೆದು ಹಿಂತಿರುಗಿಸಿದ್ದೀರಿ.

ನನ್ನ ಬೇಡಿಕೆ ಸಣ್ಣದು. ಆ ಬೋರ್ಡನ್ನು ಎಬ್ಬಿಸಿ. ಬೇಕಾದರೆ ಅದು ಪಕ್ಕದಲ್ಲಿ ನಿಂತುಕೊಂಡಿರಲಿ, ನಾವೆಲ್ಲ ನಿಂತಿಲ್ಲವೇ? ಈ ವಾರದೊಳಗೆ ಎಬ್ಬಿಸದಿದ್ದರೂ ಚಿಂತೆಯಿಲ್ಲ. ಭಾನುವಾರ ತಮ್ಮ ಕಚೇರಿಗೆ ರಜೆಯಾದ್ದರಿಂದ, ಅತ್ತೆ ಮಾವ ಜಗಳದ ದಿನವನ್ನು ಸೋಮವಾರಕ್ಕೆ ಬದಲಾಯಿಸಿಕೊಳ್ಳಲು ಒಪ್ಪಿದ್ದಾರೆ. ತಮ್ಮ ಕೋಣೆಯ ಬಾಗಿಲ ಪಕ್ಕದಲ್ಲೇ ಒಂದು ಬೆಂಚಿದೆ. ಅರ್ಜಿ ಹಿಡಿದು ಕಾಯುವಾಗ ನಾನೇ ಕೂತು ನೋಡಿದ್ದೇನೆ, ಗಟ್ಟಿಯಾಗಿದೆ, ಇಬ್ಬರು ಧಾರಾಳವಾಗಿ ಕೂರಬಹುದು. ಅದರ ಮೇಲೆ ಯಾವ ಬೋರ್ಡೂ ಇಲ್ಲ.

ಇಂತಿ,
ಒದ್ದೆ ಟವಲಿನ ವ್ಯಾಜ್ಯದಲ್ಲಿ ಎರಡೂ ಕಡೆಯ ಸಾಕ್ಷಿಯಾಗಿರುವ,
ತಮ್ಮ ತೋಟದಲ್ಲಿ ನಿಂತು ನಿಂತು ಕಾಲು ಸೋತ ಸೊಸೆ