ದೊಡ್ಡಮ್ಮ ಹಿಗ್ಗಿದ್ದು

ಲಾರಿ ಶೆಡ್ಡಿನ ಪಕ್ಕದ ಹೊಲಿಗೆ ಕೋಣೆಯಿಂದ,
ಬುಧವಾರ, ಹದಿನಾರನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಮಂಡಿ ಹೇಗಿದೆ? ಊತ ಇಳಿಯಿತೆ? ಕೋಲು ಹಿಡಿದು ಬಾಗಿಲ ತನಕ ಹೋಗಿಬಂದಿರಿ ಎಂದು ಮೈದುನ ಹೇಳಿದ. ಕೋಲಿಲ್ಲದೆ ಹೋಗಿಬಂದೆ ಎಂದು ನೀವು ಹೇಳಿದಿರಿ. ನಾನು ಮೈದುನನನ್ನು ನಂಬಿದ್ದೇನೆ. ತಮ್ಮನ ಮನೆ ಎಂದು ಸಂಕೋಚಪಡದೆ, ಹೊತ್ತುಹೊತ್ತಿಗೆ ಮಾತ್ರೆ ಕೇಳಿ ತೆಗೆದುಕೊಳ್ಳಿ. ಇಲ್ಲಿಯ ಸುದ್ದಿಯನ್ನು ಫೋನಿನಲ್ಲಿ ಹೇಳಹೊರಟರೆ ನಾನು ಬಾಯಿ ತೆರೆಯುವ ಮೊದಲೇ ನೀವು ಗೇರು ಹಾಕಿಬಿಡುತ್ತೀರಿ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಮೊದಲು ನನ್ನ ತಪ್ಪೊಪ್ಪಿಗೆ. ಆಪರೇಷನ್ನಿಗೆ ಹೊರಡುವ ಗಡಿಬಿಡಿಯಲ್ಲಿ ನೀವು ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋದಿರಲ್ಲ: "ಹೊಸ ಎಣ್ಣೆ ಹಾಕಿದರೆ ದೊಡ್ಡಮ್ಮ ಒಳಗೊಳಗೇ ಹಿಗ್ಗುತ್ತಾಳೆ. ನೋಡಿಕೋ." ದೊಡ್ಡಮ್ಮ ಎಂದರೆ ನಮ್ಮ ಮೂವತ್ತೊಂದು ವರ್ಷದ ಲಾರಿ, ಹೊಸ ಎಣ್ಣೆ ಎಂದರೆ ಬ್ರೆಡ್ ಕಾರ್ಖಾನೆಯವರು ತಿಂಡಿ ಕರಿದು ಮಿಕ್ಕ ಎಣ್ಣೆಯಿಂದ ಮಾಡಿಸುವ ಬಯೋಡೀಸೆಲ್. ಇಲ್ಲಿಯವರೆಗೆ ನನ್ನ ಓದು ಸರಿಯಾಗಿಯೇ ಇತ್ತು. ಎಡವಿದ್ದು "ಹಿಗ್ಗುತ್ತಾಳೆ" ಎಂಬಲ್ಲಿ. ಪಾಪ, ಈ ವಯಸ್ಸಿನಲ್ಲಿ ಅವಳನ್ನು ಹಿಗ್ಗಿಸುವವರು ಯಾರಿದ್ದಾರೆ, ಹಿಗ್ಗಲಿ ಬಿಡು ಎಂದುಕೊಂಡೆ. ಹಿಟ್ಟು ಹೊರುವ ಲಾರಿಗಳೆಲ್ಲ ಈ ತಿಂಗಳಿನಿಂದ ತಮ್ಮ ಬಯೋಡೀಸೆಲನ್ನೇ ಹಾಕಿಸಬೇಕು ಎಂದು ಕಾರ್ಖಾನೆಯವರೂ ಹೇಳಿದ್ದರು. "ಅಪ್ಪ ಏನಂದಿದ್ದಾರೆ?" ಎಂದು ನಿಮ್ಮ ಬದಲಿಗೆ ಲಾರಿ ಓಡಿಸುತ್ತಿರುವ ಮಗಳು ಕೇಳಿದಳು. "ಅವಳಿಗೆ ತುಂಬ ಖುಷಿಯಾಗುತ್ತಂತೆ" ಎಂದೆ. ಟ್ಯಾಂಕು ತುಂಬಿಸಿಬಿಟ್ಟಳು. ರಬ್ಬರ್ ಪೈಪು ಉಬ್ಬುತ್ತದೆ ಎಂದು ಬಿಡಿಸಿ ಬರೆಯಲು ನಿಮಗೇನಾಗಿತ್ತು? ನೋವಿದ್ದದ್ದು ಮಂಡಿಗೆ, ಕೈಗಲ್ಲ.

ನಾಲ್ಕು ದಿನ ದೊಡ್ಡಮ್ಮ ನಿಜಕ್ಕೂ ಹಿಗ್ಗಿದಳು. ಕೆಮ್ಮು ಕಡಿಮೆಯಾಯಿತು, ಹೊಗೆ ತಿಳಿಯಾಯಿತು. ಹೋದಲ್ಲೆಲ್ಲ ಕರಿದ ತಿಂಡಿಯ ವಾಸನೆ ಬಂದು, ಬೀದಿ ನಾಯಿಗಳು ಗೇಟಿನ ತನಕ ಬೀಳ್ಕೊಡಲು ಬರುತ್ತಿದ್ದವು. ಐದನೆಯ ದಿನ ಕಾರ್ಖಾನೆಯ ಅಂಗಳದಲ್ಲೇ ತೊಟ್ಟಿಕ್ಕತೊಡಗಿದಳು. ಮಗಳು ಪೈಪು ಒತ್ತಿ ನೋಡಿದರೆ ಬೆರಳು ಇಟ್ಟಲ್ಲಿ ಗುಳಿ. ಗೇಟಿನವನು "ಮುಂದಿನ ಸೋಮವಾರದ ತನಕ ಟೈಮು. ಅವತ್ತು ಒಂದು ತೊಟ್ಟು ಬಿದ್ರೂ ಹಿಟ್ಟಿನ ಬಾಡಿಗೆ ಬೇರೆಯವ್ರಿಗೆ" ಎಂದನಂತೆ. ಆ ಬಾಡಿಗೆ ತಪ್ಪಿದರೆ ದೊಡ್ಡಮ್ಮನನ್ನು ಗುಜರಿಗೆ ಕೊಡುವುದೇ ಸೈ ಎಂದು ಹೊರಡುವಾಗ ನೀವು ಅಂದದ್ದು ನೆನಪಾಗಿ ನನಗೆ ಎರಡು ದಿನ ಊಟ ಸೇರಲಿಲ್ಲ. ನಿಮಗೆ ಹೇಳದೆ ಇದ್ದದ್ದು ಅದಕ್ಕೇ.

ಸ್ಪೇರ್ ಪಾರ್ಟ್ಸ್ ಅಂಗಡಿಯವನ ಬಾಯಿ ನಿಮಗೆ ಗೊತ್ತೇ ಇದೆ. ಈ ಎಣ್ಣೆಗೆ ಫ್ಲೋರೋ ರಬ್ಬರಿನ ಪೈಪೇ ಆಗಬೇಕು ಎಂದು ಮಗಳು ನಾಲ್ಕು ಕಡೆ ವಿಚಾರಿಸಿಕೊಂಡು ಬಂದಿದ್ದಳು. ಹಾಗೆಂದು ಕೇಳಿದರೆ ಅವನು ನೆಲಕ್ಕೆ ಹಾಸುವ ರಬ್ಬರ್ ಚಾಪೆ ಎಳೆದು ತೋರಿಸಿದ. ಆಮೇಲೆ ಮೂರು ಬಗೆಯ ಪೈಪು ತಂದಿಟ್ಟು, ಮೂರಕ್ಕೂ "ಅಕ್ಕಾ, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ" ಎಂದ. ಮೂರರಲ್ಲೂ ಗೇಣುದ್ದದ ತುಂಡು ಕೇಳಿದೆ. "ಸೀರೆಗೆ ಮ್ಯಾಚಿಂಗ್ ನೋಡೋಕಾ?" ಎಂದು ನಕ್ಕ. ನಗಲಿ. ಇಷ್ಟು ವರ್ಷ ಹೊಲಿದವಳು ನಾನು, ನೆನೆಸದ ಬಟ್ಟೆಗೆ ಇವತ್ತಿಗೂ ಕತ್ತರಿ ಹಾಕಿಲ್ಲ. ಕುಗ್ಗುತ್ತದೋ ಬಣ್ಣ ಬಿಡುತ್ತದೋ ಎಂಬುದನ್ನು ನೀರು ಹೇಳಬೇಕು, ಅಂಗಡಿಯವನಲ್ಲ.

ಹಾಗೆ ಮೂರು ಗಾಜಿನ ಭರಣಿಯಲ್ಲಿ ಬಯೋಡೀಸೆಲ್ ಹಾಕಿ, ಮೂರು ತುಂಡನ್ನೂ ಮುಳುಗಿಸಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ದಿನಾ ಬೆಳಿಗ್ಗೆ ತೆಗೆದು ಒರೆಸಿ, ಹೊಲಿಗೆಯ ಟೇಪಿನಿಂದ ಸುತ್ತಳತೆ ನೋಡಿ ಬರೆದಿಡುತ್ತಿದ್ದೆ. "ಏನು ಹಾಕಿಟ್ಟಿದ್ದೀರಿ, ಘಮ್ಮಂತಿದೆ" ಎಂದು ಪಕ್ಕದ ಮನೆಯಾಕೆ ಮುಚ್ಚಳ ತೆಗೆದು ಬೆರಳದ್ದಿ ನೆಕ್ಕಿಯೇಬಿಟ್ಟರು. ಈಗ ನಾನು ಟೀ ಕೊಟ್ಟರೂ ಮೊದಲು ಮೂಸಿ ನೋಡುತ್ತಾರೆ. ವಾರ ಕಳೆಯುವುದರೊಳಗೆ ಕರಿ ಪೈಪು ಉಬ್ಬಿ ಮೆತ್ತಗಾಯಿತು. ಹೊಳೆಯುವ ಪೈಪಿನದು ಮೇಲೆ ಥಳುಕು, ಒಳಗೆ ಹುಳುಕು. ಸೀಳಿ ನೋಡಿದರೆ ಒಳಪದರ ಅಂಟಂಟಾಗಿತ್ತು. ಮೂರನೆಯದು, ಕಂದು ಬಣ್ಣದ್ದು, ಕೂದಲೆಳೆಯಷ್ಟೂ ಜಗ್ಗಲಿಲ್ಲ. ಹಟದಲ್ಲಿ ನಿಮ್ಮನ್ನೇ ಕಂಡಹಾಗಾಯಿತು. ಅಂಗಡಿಯವನಿಗೆ ಮೂರೂ ಭರಣಿ ತೋರಿಸಿದೆ, ಆಮೇಲೆ ಅವನು ಮೊಮ್ಮಕ್ಕಳ ಸುದ್ದಿ ಎತ್ತಲಿಲ್ಲ.

ಭಾನುವಾರ ಮಗಳು ಟ್ಯಾಂಕಿನಿಂದ ಪಂಪಿಗೆ ಹೋಗುವ ಹೊಸ ಕಂದು ಪೈಪು ಹಾಕಿ, ಫಿಲ್ಟರೂ ಬದಲಿಸಿ ಕೈ ಒರೆಸಿಕೊಂಡಳು. ಹೆಚ್ಚಾದ ಎಣ್ಣೆ ಎಲ್ಲಿಗೆ ಹೋಗುತ್ತೆ ಎಂದು ಕೇಳಿದೆ. "ವಾಪಸ್ ಟ್ಯಾಂಕಿಗೆ" ಎಂದವಳು ನಾಲಿಗೆ ಕಚ್ಚಿಕೊಂಡಳು. ಹಿಂದಿರುಗುವ ಸಣ್ಣ ಪೈಪು ಹಳೆಯದೇ ಉಳಿದಿತ್ತು. ಮನೆ ಬಿಟ್ಟು ಹೋದವರು ವಾಪಸ್ ಬರುವ ದಾರಿಯ ಮೇಲೆ ನನಗೆ ಈಚೆಗೆ ಗಮನ ಜಾಸ್ತಿ. ಯಾಕೆಂದು ಕೇಳಬೇಡಿ. ಅದನ್ನೂ ಬದಲಿಸಿದೆವು.

ಸೋಮವಾರ ನಾನೂ ಜೊತೆಗೆ ಹೋದೆ. ಗೇಟಿನವನು ದೊಡ್ಡಮ್ಮನ ಹೊಟ್ಟೆಯ ಕೆಳಗೆ ಬಿಳೀ ರಟ್ಟು ಹಾಸಿ, ಇಂಜಿನ್ ನಿಲ್ಲಿಸದೆ ಒಂದು ಗಂಟೆ ಕಾಯಿಸಿದ. ಗಂಟೆ ಮುಗಿದು ಬಗ್ಗಿ ನೋಡಿದರೆ ರಟ್ಟಿನ ಮೇಲೆ ಕಂದು ಬಣ್ಣದ ಒಂದು ತೊಟ್ಟು. ಮಗಳು ಬೆರಳಿಂದ ಮುಟ್ಟಿದಳು, ಮೂಸಿದಳು, ಆಮೇಲೆ ಗೇಟಿನವನ ಕೈಯಲ್ಲಿದ್ದ ಟೀ ಲೋಟವನ್ನು ನೋಡಿದಳು. ಬಗ್ಗಿ ಬಗ್ಗಿ ನೋಡುವಾಗ ಅವನೇ ಚೆಲ್ಲಿಕೊಂಡದ್ದು. ಅವನು ಮೀಸೆ ಒರೆಸಿಕೊಂಡು ಗೇಟು ತೆಗೆದ. ಹಿಟ್ಟಿನ ಬಾಡಿಗೆ ನಮ್ಮದೇ.

ಅಲ್ಲಿ ಎಲ್ಲರಿಗೂ ನನ್ನ ನೆನಪು ಹೇಳಿ. ವ್ಯಾಯಾಮ ಮಾಡಿದೆ ಎಂದು ಹೇಳುವ ಬದಲು ಮಾಡಿ. ದೇವರು ನಿಮ್ಮ ಕಾಲಿಗೆ ಬಲ ಕೊಡಲಿ, ಬಾಯಿಗೆ ಈಗಿರುವುದೇ ಸಾಕು.

ನಿಮ್ಮ
ಟೈಲರಮ್ಮ

ಅಂಚೆಯವನು ಬರುವ ಹೊತ್ತಾಯಿತು, ಹೇಳಬೇಕಾದದ್ದೇ ಉಳಿಯಿತು. ನಿನ್ನೆ ಗುಜರಿಯವನು ಬಂದಿದ್ದ. "ಹಿಟ್ಟಿನ ಬಾಡಿಗೆ ಉಳೀಲಿ ಬಿಡಲಿ, ಲಾರಿ ಒಯ್ಯಿ ಅಂದಿದ್ದಾರೆ ಯಜಮಾನ್ರು" ಎಂದ. ನನಗೆ ತಲೆಬುಡ ತಿಳಿಯದೆ ಓರಗಿತ್ತಿಗೆ ಫೋನ್ ಮಾಡಿದೆ. ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಎಂಬುದು ಗೊತ್ತಿದ್ದೂ ಅವಳ ಮನೆಯಲ್ಲಿ ಗುಟ್ಟು ಇಟ್ಟುಕೊಂಡಿರಲ್ಲ. ಆ ಕಾಲಿನಲ್ಲಿ ಇನ್ನು ಲಾರಿಯ ಕ್ಲಚ್ಚು ತುಳಿಯಬಾರದು ಎಂದರಂತೆ ಡಾಕ್ಟರು. ನೀವು ಓಡಿಸದ ಲಾರಿ ಕಣ್ಣೆದುರು ಇರುವುದೇ ಬೇಡ ಅನಿಸಿತೆ? ನನಗೆ ಅಳು ಬಂತು, ಸಿಟ್ಟೂ ಬಂತು. ಗುಜರಿಯವನಿಗೆ ಉಬ್ಬಿದ ಹಳೇ ಪೈಪುಗಳನ್ನು ಚೀಲಕ್ಕೆ ತುಂಬಿ ಕೊಟ್ಟು ಕಳಿಸಿದ್ದೇನೆ. ದೊಡ್ಡಮ್ಮನ ಪಕ್ಕದ ಸೀಟಿನಲ್ಲಿ ನೀವು ಕಾಲು ಚಾಚಿ ಕೂರುವ ಹಾಗೆ ದಪ್ಪದೊಂದು ದಿಂಬು ಹೊಲಿದಿದ್ದೇನೆ. ಬಟ್ಟೆ ನೆನೆಸಿಯೇ ಹೊಲಿದದ್ದು. ಅಲ್ಲಿ ಕೂತು ಮಗಳು ಗೇರು ಹಾಕಿದಾಗಲೆಲ್ಲ ತಪ್ಪು ಹುಡುಕಿ. ಬೇಗ ಬನ್ನಿ. ನೀವು ಬಂದರೆ ನಾನು ಒಳಗೊಳಗೇ ಹಿಗ್ಗುತ್ತೇನೆ. ನೋಡಿಕೊಳ್ಳಿ.