ಅಮ್ಮನ ಚೌಕಳಿ ಸೀರೆ

21 ಮಾರ್ಚ್, ಶುಕ್ರವಾರ

ಆ ಸೀರೆ ಕೊಡಬಾರದಿತ್ತೇನೋ. ಕಾಲೇಜಿನ ಎಥ್ನಿಕ್ ಡೇಗೆ ಹಳ್ಳಿ ಹೆಂಗಸಿನ ವೇಷ ಹಾಕ್ತೀನಿ ಅಂತ ನಮ್ಮ ಕ್ಲಾಸಿನ, ಚಾಂಪಿಯನ್ ರೀಫ್ಸ್ ಗಣಿ ಕಾಲೊನಿಯ ಕ್ಲಾರಾ ಒಂದು ವಾರದಿಂದ ಬೆನ್ನು ಬಿದ್ದಿದ್ದಳು. ಅಮ್ಮ ಹಾಲು ಕರೆಯುವಾಗ ಉಡುವ ಚೌಕಳಿ ಸೀರೆಯನ್ನೇ ಒಗೆದು ಕೊಟ್ಟೆ. ಮೊದಲ ಬಹುಮಾನ ಅವಳಿಗೇ ಬಂತು.

ನಾನು ಜೀನ್ಸ್ ಹಾಕಿಕೊಂಡು ಕ್ಯಾಂಟೀನಿನಲ್ಲಿ ಗೋಬಿ ರೈಸ್ ತಿನ್ನುತ್ತಿದ್ದೆ. "ನೀನ್ಯಾಕಮ್ಮ ವೇಷ ಹಾಕಿಲ್ಲ?" ಅಂದರು ನಮ್ಮ ಲೆಕ್ಚರರು. ಈ ಜೀನ್ಸ್ ಹಾಕಿದ್ದೀನಲ್ಲ ಸರ್ ಅನ್ನಬೇಕೆನಿಸಿತು. ನಕ್ಕು ಇನ್ನೊಂದು ಚಮಚ ಬಾಯಿಗಿಟ್ಟುಕೊಂಡೆ. ಎದುರಿಗೆ ಕ್ಲಾರಾ ಎಥ್ನಿಕ್ ಡೇಗೆಂದು ಮಾಡಿದ್ದ ಮುದ್ದೆಯನ್ನು ಅಗಿದು ಅಗಿದು ತಿನ್ನುತ್ತಿದ್ದಳು. ನುಂಗಬೇಕು ಅಂತ ನಾನು ಹೇಳಿಕೊಡಲಿಲ್ಲ. ಹೇಳಿದ್ದರೆ ಇವಳು ಹಳ್ಳಿಯವಳಾ ಅಂತ ಪಕ್ಕದ ಟೇಬಲ್ಲಿನವರೂ ನನ್ನ ಕಡೆ ತಿರುಗುತ್ತಿದ್ದರು.

ಸಂಜೆ ಬಂಗಾರಪೇಟೆಯಲ್ಲಿ ರೈಲಿಳಿದು, ಊರಿಗೆ ಬಂದು ಅಮ್ಮನಿಗೆ ಸೀರೆ ವಾಪಸ್ಸು ಕೊಟ್ಟೆ. ಬಹುಮಾನದ ವಿಷಯವನ್ನೂ ಹೇಳಿದೆ. ಅಮ್ಮ ಅದನ್ನು ಕಿವಿಗೇ ಹಾಕಿಕೊಳ್ಳದೆ ಸೆರಗು ಮೂಸಿದಳು.

"ಇದ್ಯಾವಳೇ ಸೆಂಟು ಒಡ್ಕೊಂಡಿರೋದು? ಈ ವಾಸ್ನೆಗೆ ಅಸ ಅತ್ರ ಸೇರ್ಸಲ್ಲ ಕಣೇ, ಒದೀತದೆ."

ಸೀರೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿ ನನ್ನತ್ತ ತಿರುಗಿದಳು.

"ನೀನೂ ಅದ್ನೇ ಒಡ್ಕೊಂಡಿದ್ದೀಯ. ಬೆಳಿಗ್ಗೆ ಕೊಟ್ಗೆ ಕಡೆ ಬರ್ಬ್ಯಾಡ."

ಕ್ಲಾರಾ ದಿನಾ ನನ್ನ ಕೈಗೂ ಹಾಕುವ ಸೆಂಟು ಅದು. ಆಗಿನಿಂದ ಎರಡು ಸಲ ಕೈ ಮೂಸಿ ನೋಡಿಕೊಂಡೆ. ನನಗೇನೂ ವಾಸನೆ ಬರುತ್ತಿಲ್ಲ.