ಹಾಡು ಶುರುವಾಗೋ ಮುಂಚೆ

ಅಪ್ಪಾ,

ಡ್ಯೂಟಿಗೆ ಹೊರಟೆ. ಊಟ ಬಿಸಿ ಮಾಡಿಕೊಳ್ಳಿ. ಅಮ್ಮನ ಮಾತ್ರೆ ಟಿವಿ ಪಕ್ಕದಲ್ಲಿದೆ, ನೀವೇ ಕೈಗೆ ಕೊಡಿ, ಅವಳು ತಡಕಾಡೋ ಹಾಗೆ ಮಾಡಬೇಡಿ.

ಸಂಜೆ ಮತ್ತೆ ಆ ರಾಕ್ ಶೋ ವಿಡಿಯೋ ಹಾಕ್ತೀರಿ, ಅಣ್ಣ ಸಾಯೋ ಮುಂಚೆ ಸೌಂಡ್ ಕೆಲಸ ಮಾಡಿದ ಕೊನೇದು. ಹಾಕಿ, ಬೇಡ ಅಂದ್ರೆ ನೀವು ಕೇಳೋರಲ್ಲ. ಆದ್ರೆ ಪಕ್ಕದ ಮನೆಯವರಿಗೆ ಹೆದರಿ ಸೌಂಡ್ ಪೂರ್ತಿ ಇಳಿಸಿ ನೋಡೋದು ಇವತ್ತಿಂದ ಬಂದ್. ಅವರು ಬಾಗಿಲು ಬಡಿದರೆ ಬಡೀಲಿ, ನಾನು ಬಂದು ಮಾತಾಡ್ತೀನಿ.

ಅಣ್ಣ ಕರೀ ಅಂಗಿ ಹಾಕ್ಕೊಂಡು, ಬಗ್ಗಿ ಬಂದು ವೈರು ಸರಿಮಾಡಿ ಹೋಗ್ತಾನಲ್ಲ, ನೀವು ವಿಡಿಯೋನ ನೇರ ಅಲ್ಲಿಗೇ ಓಡಿಸ್ತೀರಿ. ಕಣ್ಣು ಕಾಣದ ಅಮ್ಮನಿಗೆ ಅದರಲ್ಲಿ ಏನಿದೆ ಹೇಳಿ? ಹಾಡು ಶುರುವಾಗೋ ಮುಂಚೆ ಅವನೇ ಮೈಕ್ ಟೆಸ್ಟ್ ಮಾಡ್ತಾನೆ, "ಹಲೋ, ಹಲೋ, ಕೇಳಿಸ್ತಿದೆಯಾ" ಅಂತ. ಅವಳ ಪಾಲಿಗೆ ಇರೋದು ಅಷ್ಟೇ. ನಾನು ಮನೇಲಿದ್ದು ಹಾಕಿದಾಗ "ಹ್ಞೂಂ ಕಣೋ, ಕೇಳಿಸ್ತಿದೆ" ಅಂತ ಉತ್ತರಾನೂ ಕೊಡ್ತಾಳೆ.

ನಿಮ್ಮ ಹತ್ರ ಅವಳು ಬಾಯಿ ಬಿಡಲ್ಲ. ನಿನ್ನೆ ನೀವು ಟಿವಿ ಆರಿಸಿ ಎದ್ದು ಹೋದ ಮೇಲೆ ನನ್ನ ಕೈ ಹಿಡ್ಕೊಂಡು ಕೇಳಿದಳು: "ಇವತ್ತೂ ಅವನು ಬರಲಿಲ್ವೇನೇ?"

ಮೊದಲಿಂದ ಹಾಕಿ, ಅಪ್ಪಾ.